ಕ್ವಾಲಿಸ್ ನೀರು ಕುಡೀತಾ ಉಂಟು, ನೆಲದಲ್ಲಿ ಹನಿ ಇಲ್ಲ: ಹೆಡ್ ಬಿಚ್ಚುವ ಮೊದಲು ಎಂತ ನೋಡಬೇಕು?

ಪೆರ್ಲ_ಕ್ವಾಲಿಸ್:

ಗಾಡಿ 2003ರ ಟೊಯೋಟಾ ಕ್ವಾಲಿಸ್, 2446 ಸಿಸಿ ಡೀಸೆಲ್, ಮೀಟರಿನಲ್ಲಿ 2,90,000 ಕಿ.ಮೀ. ಹೆಚ್ಚಿನ ದಿನ ಪೆರ್ಲ, ಬದಿಯಡ್ಕ, ಕಾಸರಗೋಡು ಓಡಾಟ. ತಿಂಗಳಿಗೊಮ್ಮೆ ಸುಳ್ಯದಿಂದ ಮೇಲೆ ಮಡಿಕೇರಿಗೆ ಹೋಗ್ಲಿಕ್ಕುಂಟು.

ಎರಡು ತಿಂಗಳಿಂದ ರೇಡಿಯೇಟರಿನ ನೀರು ಇಳೀತಾ ಉಂಟು. ಅಳತೆ ಬರೆದಿಟ್ಟಿದ್ದೇನೆ: ಕಳೆದ 520 ಕಿ.ಮೀ.ಗೆ 450 ಮಿಲಿ ಹಾಕಬೇಕಾಯ್ತು. ನಿಲ್ಲಿಸಿದ ಜಾಗದಲ್ಲಿ ಹನಿ ಕಾಣುವುದಿಲ್ಲ. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಇದ್ದ ಗೆರೆಯಲ್ಲೇ ನಿಂತಿರ್ತದೆ, ರೇಡಿಯೇಟರ್ ಮಾತ್ರ ಖಾಲಿ ಆಗುವುದು. ಸಮತಟ್ಟಿನಲ್ಲಿ ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಕೆಳಗೆ, ಸಂಪಾಜೆ ಘಾಟಿ ಹತ್ತುವಾಗ ಮುಕ್ಕಾಲಿಗೆ ಏರ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಸರಿ ಉಂಟು, ಆದರೆ ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಬಿಳಿ ಕೆನೆಯ ಹಾಗೆ ಸ್ವಲ್ಪ ಹಿಡಿದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ನಿಮಿಷ ಬಿಳಿ ಹೊಗೆ.

ಗ್ಯಾರೇಜಿನಲ್ಲಿ ಮುಚ್ಚಳದ ಕೆನೆ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಬಿಚ್ಚುವ" ಅಂದರು. ಹೆಡ್ ಅಂದರೆ ಇಂಜಿನಿನ ಮೇಲ್ಭಾಗ, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಸೀಲಿನ ಹಾಗೆ ಕೂರುವ ಹಾಳೆ ಈ ಗ್ಯಾಸ್ಕೆಟ್. ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗುವವರೆಗೆ ನೀರು ರೇಡಿಯೇಟರಿಗೆ ಹೋಗದ ಹಾಗೆ ತಡೆಯುವ ವಾಲ್ವ್) ಹೋದ ವರ್ಷವೇ ತೆಗೆದುಬಿಟ್ಟಿದ್ದಾರೆ. ಆಗ ಹಸಿರು ಕೂಲೆಂಟ್ ಹಾಕಿದ್ದು, ಈಗ ಕಡಿಮೆ ಆದಷ್ಟಕ್ಕೆ ಬಾವಿ ನೀರು. ಹೆಡ್ ಬಿಚ್ಚದೆ ಖಾತ್ರಿ ಮಾಡಿಕೊಳ್ಳುವ ದಾರಿ ಉಂಟಾ? ಯಾವ ಪರೀಕ್ಷೆ ಮೊದಲು?


ಕುಂಬ್ಳೆ_ಡೀಸೆಲ್:

ಹೆಡ್ ಮುಟ್ಟಲಿಕ್ಕೆ ಬಿಡಬೇಡಿ ಮಾರಾಯ್ರೆ, ಇನ್ನೂ ಸಮಯ ಉಂಟು. ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು "ಬಾಟಲಿಯಲ್ಲಿ ನೀರು ಇದ್ದ ಗೆರೆಯಲ್ಲೇ" ಅನ್ನುವುದು. ಗ್ಯಾರೇಜಿನವರು ಕೇಳಬೇಕಾಗಿದ್ದದ್ದು ಅದನ್ನು.

ಇಂಜಿನ್ ಬಿಸಿ ಆದಾಗ ಕೂಲೆಂಟ್ ಹಿಗ್ಗಿ, ರೇಡಿಯೇಟರ್ ಕ್ಯಾಪಿನ ಸ್ಪ್ರಿಂಗ್ ಎತ್ತಿ, ಸಣ್ಣ ಪೈಪಿನಲ್ಲಿ ಬಾಟಲಿಗೆ ಹೋಗ್ತದೆ. ತಣಿದಾಗ ಒಳಗೆ ಎಳೆತ ಹುಟ್ಟಿ, ಕ್ಯಾಪಿನ ನಡುವಿನ ಸಣ್ಣ ವಾಲ್ವ್ ತೆರೆದು, ಅದೇ ನೀರು ವಾಪಸ್ ಬರ್ತದೆ. ಹಾಗಾಗಿ ವ್ಯವಸ್ಥೆ ಸರಿ ಇದ್ದರೆ ರೇಡಿಯೇಟರ್ ಯಾವಾಗಲೂ ಬಾಯಿವರೆಗೆ ತುಂಬಿರಬೇಕು, ಕಡಿಮೆ ಆಗುವುದು ಬಾಟಲಿಯಲ್ಲಿ. ಗ್ಯಾಸ್ಕೆಟ್ ಹೋಗಿ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುವುದಾದರೆ ಬಾಟಲಿ ಉಕ್ಕಿ ಚೆಲ್ಲಬೇಕಿತ್ತು. ನಿಮ್ಮಲ್ಲಿ ಉಕ್ಕುವುದೂ ಇಲ್ಲ, ಇಳಿಯುವುದೂ ಇಲ್ಲ. ಅಂದರೆ ತಣಿಯುವಾಗ ರೇಡಿಯೇಟರ್ ನೀರು ಎಳೆಯುತ್ತಿಲ್ಲ, ಬೇರೆಲ್ಲಿಂದಲೋ ಗಾಳಿ ಎಳೀತಾ ಉಂಟು. ಬಿಸಿಯಲ್ಲಿ ನೀರು ಹೊರಗೆ ಬಿಡುವ ತೂತೇ ತಣಿಯುವಾಗ ಗಾಳಿ ಒಳಗೆ ಬಿಡ್ತದೆ. ಒಂದು ಕ್ಯಾಪ್, ಇಲ್ಲವೇ ಬಾಟಲಿ ಪೈಪ್, ಇಲ್ಲವೇ ಎಲ್ಲೋ ಒಂದು ಹೊರಗಿನ ಸೋರಿಕೆ. ಮೂರೂ ಹೆಡ್ಡಿಗಿಂತ ಎಷ್ಟೋ ಅಗ್ಗ.

ನೆಲ ಒಣಗಿದೆ ಅಂತ ಸೋರಿಕೆ ಒಳಗೇ ಉಂಟು ಅಂತ ತಿಳಿಯಬೇಡಿ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಅಂಗಳ ಹನಿ ಬಿದ್ದ ಕೂಡಲೇ ಹೀರಿಬಿಡ್ತದೆ, ಗುರುತೂ ಉಳಿಯುವುದಿಲ್ಲ. ಮತ್ತೆ ಅನೇಕ ಸೋರಿಕೆ ಗಾಡಿ ಓಡುವಾಗ, ಒತ್ತಡ ಇರುವಾಗ ಮಾತ್ರ. ಫ್ಯಾನಿನ ಗಾಳಿ ಅದನ್ನು ಬಿಸಿ ಇಂಜಿನಿನ ಮೇಲೆ ಎರಚಿ ಅಲ್ಲೇ ಒಣಗಿಸ್ತದೆ. ರಾತ್ರಿ ಇಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ ನೋಡಿ. ಎಸಿ ಹಾಕಿ ಬಂದದ್ದಾದರೆ ಅದರ ನೀರೂ ಬೀಳ್ತದೆ; ಬೆರಳಲ್ಲಿ ಉಜ್ಜಿದರೆ ಎಸಿ ನೀರು ಬರೀ ನೀರು, ಕೂಲೆಂಟ್ ಜಾರ್ತದೆ. ನಾಲಿಗೆಗೆ ಮುಟ್ಟಿಸಿ ನೋಡುವವರಿದ್ದಾರೆ, ಅದು ವಿಷ, ಬೇಡ.

ಮೊದಲು ಕ್ಯಾಪ್. ಅದರ ಮೇಲೆ 0.9 ಅಥವಾ 1.1 ಅಂತ ಇರ್ತದೆ, ಎಷ್ಟು ಒತ್ತಡದವರೆಗೆ ಹಿಡಿದಿಡಬೇಕು ಅನ್ನುವ ಲೆಕ್ಕ. 0.9 ಹಿಡಿದರೆ ನೀರು ಕುದಿಯುವುದು ಸುಮಾರು 118 ಡಿಗ್ರಿಗೆ. ಸ್ಪ್ರಿಂಗ್ ಸತ್ತಿದ್ದರೆ 100 ದಾಟುವಾಗಲೇ ಕುದಿ ಶುರು, ಘಾಟಿಯಲ್ಲಿ ಮುಳ್ಳು ಏರಲಿಕ್ಕೆ ಅಷ್ಟು ಸಾಕು. ರಬ್ಬರ್ ಗಟ್ಟಿ ಆಗಿದೆಯಾ, ಅಂಚಿನಲ್ಲಿ ಬಿರುಕು ಉಂಟಾ, ನಡುವಿನ ಸಣ್ಣ ವಾಲ್ವನ್ನು ಉಗುರಲ್ಲಿ ಎಳೆದರೆ ಬಂದು ಟಪ್ ಅಂತ ವಾಪಸ್ ಕೂರ್ತದಾ ನೋಡಿ. ರೇಡಿಯೇಟರಿನ ಬಾಯಿಯ ಒಳಗಿನ ಮೆಟ್ಟಿಲೂ ಸಪಾಟಾಗಿ ಇರಬೇಕು. ಅಲ್ಲಿ ಉಪ್ಪು ಹಿಡಿದಿದ್ದರೆ ಹೊಸ ಕ್ಯಾಪ್ ಹಾಕಿಯೂ ಉಪಯೋಗ ಇಲ್ಲ. ಬಾಟಲಿಗೆ ಹೋಗುವ ಸಣ್ಣ ಪೈಪ್ ಬಾಟಲಿಯ ತಳದವರೆಗೆ ನೀರಲ್ಲಿ ಮುಳುಗಿರಬೇಕು, ಎರಡೂ ತುದಿ ಬಿಗಿ ಇರಬೇಕು. ಬೆಳಿಗ್ಗೆ ಮೇಲಿನ ದೊಡ್ಡ ಹೋಸ್ ಚಪ್ಪಟೆ ಆಗಿ ಒಳಗೆ ಎಳೆದುಕೊಂಡಿದ್ದರೆ ತಪ್ಪು ಕ್ಯಾಪಿನ ಸಣ್ಣ ವಾಲ್ವಿನದು, ಅಥವಾ ಆ ಪೈಪ್ ಕಟ್ಟಿದೆ.

ಆಮೇಲೆ ಪ್ರೆಶರ್ ಟೆಸ್ಟ್. ರೇಡಿಯೇಟರ್ ಕೆಲಸದವರ ಹತ್ತಿರ ಕೈ ಪಂಪ್ ಇರ್ತದೆ. ಇಂಜಿನ್ ಪೂರ್ತಿ ತಣ್ಣಗೆ, ರೇಡಿಯೇಟರ್ ಬಾಯಿವರೆಗೆ ತುಂಬಿ, ಹೀಟರ್ ಇರುವ ಮಾಡೆಲ್ ಆದರೆ ಅದರ ಗುಂಡಿ ಪೂರಾ ಬಿಸಿಯ ಕಡೆಗೆ. ನಮ್ಮೂರಲ್ಲಿ ಹೀಟರ್ ಯಾರೂ ಮುಟ್ಟುವುದಿಲ್ಲ, ವಾಲ್ವ್ ಮುಚ್ಚಿಯೇ ಇರ್ತದೆ, ಹಾಗಾಗಿ ಡ್ಯಾಶ್‌ಬೋರ್ಡ್ ಒಳಗಿನ ಸೋರಿಕೆ ಟೆಸ್ಟಿನಲ್ಲಿ ತಪ್ಪಿಹೋಗ್ತದೆ. ಕ್ಯಾಪಿನಲ್ಲಿ ಬರೆದಷ್ಟೇ ಒತ್ತಡ ಕೊಡಿ, ಒಂದು ಚೂರೂ ಹೆಚ್ಚು ಬೇಡ, ಹಳೇ ರೇಡಿಯೇಟರಿನ ಟ್ಯಾಂಕ್ ಬಿಟ್ಟುಕೊಳ್ತದೆ. 20 ನಿಮಿಷ ಬಿಟ್ಟು ಮುಳ್ಳು ನೋಡಿ. ಇಳಿದರೆ ಟಾರ್ಚ್ ಹಿಡಿದು ಹುಡುಕಿ: ವಾಟರ್ ಪಂಪಿನ ಕೆಳಗಿನ ತೂತು, ಎಲ್ಲಾ ಹೋಸಿನ ಕ್ಲಿಪ್, ರೇಡಿಯೇಟರಿನ ಮೇಲೆ ಕೆಳಗೆ ಟ್ಯಾಂಕ್ ಸೇರುವ ಅಂಚು, ಬ್ಲಾಕಿನ ಬದಿಯ ತೂತು ಮುಚ್ಚುವ ತಗಡಿನ ಬಿಲ್ಲೆಗಳಾದ ವೆಲ್ಚ್ ಪ್ಲಗ್‌ಗಳು, ಬುಡದಲ್ಲಿ ಡ್ರೈನ್ ಕಾಕ್. ಒದ್ದೆಗಿಂತ ಒಣಗಿದ ಗುರುತು ಹೆಚ್ಚು ಹೇಳ್ತದೆ, ಬಿಳಿ ಅಥವಾ ಹಸಿರು ಪುಡಿ ಗೆರೆ ಎಳೆದ ಹಾಗೆ ಕಾಣ್ತದೆ.

ಇದೇ ಟೆಸ್ಟ್ ಇಂಜಿನ್ ಉಗುರು ಬೆಚ್ಚಗೆ ಇರುವಾಗ ಇನ್ನೊಮ್ಮೆ ಮಾಡಿ. ಕೆಲವು ಸೋರಿಕೆ ತಣ್ಣಗೆ ಇರುವಾಗ ಮಾತ್ರ, ಕ್ಲಿಪ್ ಮತ್ತು ಹೋಸಿನದು ಹೆಚ್ಚಾಗಿ ಹಾಗೆ. ಕೆಲವು ಬಿಸಿಗೆ ಹಿಗ್ಗಿದಾಗ ಮಾತ್ರ ಬಾಯಿ ಬಿಡ್ತದೆ.


ಮುಳ್ಳೇರಿಯ_ಲೇತ್:

ಮೇಲಿನವರು ಹೇಳಿದ ಕ್ರಮ ಸರಿ. ಗ್ಯಾಸ್ಕೆಟ್ ಬಗ್ಗೆ ಇರುವ ಅನುಮಾನವನ್ನೂ ಬಿಚ್ಚದೆಯೇ ತೀರಿಸಿಕೊಳ್ಳಬಹುದು, ಅದನ್ನು ಬರೆಯುತ್ತೇನೆ.

ಮುಚ್ಚಳದ ಕೆನೆ ಪುರಾವೆ ಅಲ್ಲ. ಮಳೆಗಾಲದಲ್ಲಿ ಐದಾರು ಕಿ.ಮೀ. ಓಡಿಸಿ ನಿಲ್ಲಿಸುವ ಗಾಡಿಗಳಲ್ಲಿ ಗಾಳಿಯ ತೇವ ಮುಚ್ಚಳದ ಕೆಳಗೆ ಹನಿಗಟ್ಟಿ ಆಯಿಲ್ ಜೊತೆ ಸೇರಿ ಅದೇ ಕೆನೆ ಆಗುತ್ತದೆ. ನಿಮ್ಮಲ್ಲಿ ಥರ್ಮೋಸ್ಟಾಟೂ ಇಲ್ಲ, ಇಂಜಿನ್ ಸರಿಯಾಗಿ ಬಿಸಿಯಾಗಲಿಕ್ಕೇ ಹೊತ್ತು ಹಿಡಿಯುತ್ತದೆ, ಕೆನೆ ಹೆಚ್ಚು ಕಾಣುವುದು ಸಹಜ. ನಿಜವಾಗಿ ನೀರು ಆಯಿಲಿಗೆ ಸೇರಿದೆಯೇ ತಿಳಿಯಬೇಕಾದರೆ ಗಾಡಿಯನ್ನು ರಾತ್ರಿಯಿಡೀ ಸಮತಟ್ಟಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಸಂಪಿನ (ಇಂಜಿನ್ ತಳದ ಆಯಿಲ್ ತೊಟ್ಟಿಯ) ಡ್ರೈನ್ ಬೋಲ್ಟನ್ನು ಮೆಲ್ಲ ಸಡಿಲ ಮಾಡಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ನಿಂತಿರುತ್ತದೆ, ಇದ್ದರೆ ಮೊದಲು ಬರುವುದೇ ಅದು. ಬರೀ ಆಯಿಲ್ ಹನಿ ಕಂಡರೆ ಕೂಡಲೇ ಬಿಗಿ ಮಾಡಿ.

ಬಿಳಿ ಹೊಗೆಯೂ ಹಾಗೆಯೇ. ತೇವದ ಬೆಳಿಗ್ಗೆ ಸೈಲೆನ್ಸರಿನೊಳಗಿನ ಹನಿ ಆವಿಯಾಗಿ ಹೋಗುವುದು ಎಲ್ಲ ಗಾಡಿಯಲ್ಲೂ ಉಂಟು, ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ ಒಂದೆರಡು ಸತ್ತಿದ್ದರೆ ಅರೆಬೆಂದ ಡೀಸೆಲ್ ಕೂಡ ಬಿಳಿ ಹೊಗೆಯೇ. ಡೀಸೆಲ್ ಹೊಗೆ ಕಣ್ಣು ಉರಿಸುತ್ತದೆ, ಕೂಲೆಂಟಿನದ್ದು ಸಿಹಿ ವಾಸನೆ. 15 ಕಿ.ಮೀ. ಓಡಿದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮಾತ್ರ ಚಿಂತಿಸಿ.

ಗ್ಯಾಸ್ ಪರೀಕ್ಷೆಗೆ ಅತಿ ಸುಲಭದ್ದು ಕೈಯಿಂದ. ಬೆಳಿಗ್ಗೆ ತಣ್ಣಗಿನ ಇಂಜಿನಿನ ಕ್ಯಾಪ್ ತೆಗೆಯುವಾಗ ಗಾಳಿ ಬುಸ್ ಎಂದು ಹೊರಗೆ ಬಂದರೆ ಒಳಗೆ ಗ್ಯಾಸ್ ತುಂಬಿದೆ ಎಂದು ಅರ್ಥ. ಸರಿ ಇರುವ ಇಂಜಿನ್ ತಣಿದಾಗ ಒತ್ತಡ ಉಳಿಯಬಾರದು. ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ ಮೇಲಿನ ಹೋಸನ್ನು ಹಿಂಡಿ ನೋಡಿ. ಎರಡು ನಿಮಿಷದೊಳಗೆ, ನೀರು ಇನ್ನೂ ತಣ್ಣಗಿರುವಾಗಲೇ ಹೋಸ್ ಕಲ್ಲಿನಂತಾದರೆ ಅದು ಗ್ಯಾಸ್. ಬಿಸಿಗೆ ಹಿಗ್ಗಿ ಗಟ್ಟಿಯಾಗಲು ಹತ್ತು ನಿಮಿಷವಾದರೂ ಬೇಕು.

ಸಿಲಿಂಡರಿನ ಗ್ಯಾಸ್ ನೀರಿಗೆ ಸೇರಿದೆಯೇ ಎಂದು ಬಣ್ಣದಿಂದ ತೋರಿಸುವ ನೀಲಿ ದ್ರವದ ಪರೀಕ್ಷೆಯೂ ಉಂಟು, ಅದನ್ನು ಮಾಡುವುದಾದರೆ ಒಂದು ಎಚ್ಚರ. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ ಕಾರ್ಬನ್ ಡೈಆಕ್ಸೈಡ್ ಇದ್ದರೆ ಬಣ್ಣ ಹಳದಿಯ ಕಡೆಗೆ ತಿರುಗುತ್ತದೆ. ಪೆಟ್ರೋಲ್ ಇಂಜಿನಿನಲ್ಲಿ ಬೇಗ ತಿಳಿಯುತ್ತದೆ. ಡೀಸೆಲ್ ಇಂಜಿನ್ ಐಡಲ್‌ನಲ್ಲಿ ಬಹಳ ಹೆಚ್ಚು ಗಾಳಿ ಎಳೆದುಕೊಂಡು ಕಡಿಮೆ ಇಂಧನ ಸುಡುವುದರಿಂದ ಹೊಗೆಯಲ್ಲಿ ಆ ಗ್ಯಾಸಿನ ಪಾಲು ತೀರ ಕಡಿಮೆ. ಐಡಲ್‌ನಲ್ಲಿ ಎರಡು ನಿಮಿಷ ಹಿಡಿದು "ನೀಲಿಯೇ ಉಂಟು, ಗ್ಯಾಸ್ಕೆಟ್ ಸರಿ" ಎಂದು ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಏರು ಹತ್ತಿಸಿ ತಂದು, ತಣಿದ ಮೇಲೆ ಕ್ಯಾಪ್ ತೆಗೆದು, ಮತ್ತೆ ಸ್ಟಾರ್ಟ್ ಮಾಡಿ, ಆಗಾಗ ರೇಸ್ ಕೊಡುತ್ತಾ ಐದಾರು ನಿಮಿಷ ಎಳೆಯಬೇಕು. ನೀರಿನ ಮಟ್ಟ ಬಾಯಿಯಿಂದ ನಾಲ್ಕೈದು ಸೆಂ.ಮೀ. ಕೆಳಗಿರಲಿ, ಕೂಲೆಂಟ್ ಆ ದ್ರವಕ್ಕೆ ಸೇರಿದರೆ ಪರೀಕ್ಷೆ ಹಾಳು.

ಇಷ್ಟರಲ್ಲೂ ಅನುಮಾನ ಉಳಿದರೆ ಕೊನೆಯ ಪರೀಕ್ಷೆ: ಗ್ಲೋ ಪ್ಲಗ್ ತೆಗೆದು, ಪಂಪಿನಲ್ಲಿ 0.9 ಒತ್ತಡ ಕೊಟ್ಟು ರಾತ್ರಿ ಬಿಟ್ಟು, ಬೆಳಿಗ್ಗೆ ಸೆಲ್ಫ್ ಹೊಡೆಯುವುದು. ಯಾವ ಸಿಲಿಂಡರಿಗೆ ನೀರು ಇಳಿದಿದೆಯೋ ಆ ತೂತಿನಿಂದ ಚಿಮ್ಮುತ್ತದೆ. ಆಗ ಮುಖ ಬಗ್ಗಿಸಿ ನಿಲ್ಲಬೇಡಿ. ಹಳೇ ಗ್ಲೋ ಪ್ಲಗ್ ತುಕ್ಕು ಹಿಡಿದು ಕೂತಿರುತ್ತದೆ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಇಂಜಿನ್ ಬಿಸಿ ಇರುವಾಗ ಮೆಲ್ಲ ತಿರುಗಿಸಿ. ಹೆಡ್ಡಿನೊಳಗೆ ಮುರಿದರೆ ಆಗ ನಿಜಕ್ಕೂ ಹೆಡ್ ಬಿಚ್ಚಬೇಕಾಗುತ್ತದೆ.

ಹೆಡ್ ಬಿಚ್ಚುವುದೇ ಆದರೆ ಬರೀ ಫೇಸಿಂಗ್ (ಹೆಡ್ಡಿನ ತಳವನ್ನು ಯಂತ್ರದಲ್ಲಿ ಕೆತ್ತಿ ಸಪಾಟು ಮಾಡುವುದು) ಮಾಡಿಸಿ ಕೂರಿಸಬೇಡಿ. ಮೊದಲು ಬಿರುಕಿನ ಪರೀಕ್ಷೆ, ಆಮೇಲೆ ನೇರಪಟ್ಟಿ ಮತ್ತು ಫೀಲರ್ ಗೇಜಿನಲ್ಲಿ (ಸಣ್ಣ ಸಂದು ಅಳೆಯುವ ತೆಳು ತಗಡು) ಸಪಾಟು ಉಂಟೇ ಎಂದು ನೋಡಿ. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು ಅದಕ್ಕೆ ಸರಿಯಾದ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ಅಂಗಡಿಯಲ್ಲಿ ಕೊಟ್ಟದ್ದನ್ನು ಹಾಕುವುದಲ್ಲ.


ಪೆರ್ಲ_ಕ್ವಾಲಿಸ್:

ಇಬ್ಬರಿಗೂ ತುಂಬಾ ಉಪಕಾರ. ಇವತ್ತಿನ ಫಲಿತಾಂಶ:

ತಣ್ಣಗಿರುವಾಗ ಕ್ಯಾಪ್ ತೆಗೆದರೆ ಬುಸ್ ಇಲ್ಲ. ಹೋಸ್ ಗಟ್ಟಿ ಆಗಲಿಕ್ಕೆ 12 ನಿಮಿಷ ಬೇಕಾಯ್ತು. ಸಂಪಿನಿಂದ ಬರೀ ಆಯಿಲ್. ಕ್ಯಾಪ್ 0.9ರದ್ದು, ಟೆಸ್ಟಿನಲ್ಲಿ 0.5ಕ್ಕೇ ಬಿಟ್ಟುಕೊಟ್ಟಿತು. ಪ್ರೆಶರ್ ಟೆಸ್ಟಿನಲ್ಲಿ ಮುಳ್ಳು 20 ನಿಮಿಷಕ್ಕೆ 0.9ರಿಂದ 0.6ಕ್ಕೆ ಇಳಿಯಿತು, ಆದರೆ ಒದ್ದೆ ಎಲ್ಲಿಯೂ ಕಾಣಲಿಲ್ಲ. ಫ್ಯಾನಿನ ಹಿಂದೆ ಪಂಪಿನ ಬುಡದಲ್ಲಿ ಹಸಿರು ಪುಡಿಯ ಗೆರೆ ಉಂಟು, ಟೈಮಿಂಗ್ ಕವರಿನ ಮೇಲೂ ಹರಡಿದೆ. ಕ್ಯಾಪ್ ಹೊಸದು ಹಾಕಿದರೆ ಸಾಕಾ? ಪಂಪಿನ ತೂತನ್ನು ಎಂ-ಸೀಲ್ ಹಾಕಿ ಮುಚ್ಚಬಹುದು ಅಂತ ಒಬ್ಬರು ಹೇಳಿದರು.


ಕುಂಬ್ಳೆ_ಡೀಸೆಲ್:

ಸಿಕ್ಕಿತು. ಆ ಹಸಿರು ಗೆರೆಯೇ ನಿಮ್ಮ 450 ಮಿಲಿ.

ಆ ತೂತು ಮುಚ್ಚಲೇಬೇಡಿ! ಅದು ಕಂಪೆನಿಯವರು ಬೇಕಂತಲೇ ಬಿಟ್ಟದ್ದು. ಪಂಪಿನೊಳಗೆ ನೀರಿನ ಸೀಲಿಗೂ ಬೇರಿಂಗಿಗೂ ನಡುವೆ ಅದು ಇರುವುದು. ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗುವ ಬದಲು ಅಲ್ಲಿಂದ ಹೊರಗೆ ಬರಲಿ ಅಂತ. ಮುಚ್ಚಿದರೆ ಗ್ರೀಸ್ ತೊಳೆದುಹೋಗಿ ಬೇರಿಂಗ್ ಒಡೆದು, ಫ್ಯಾನ್ ಸಮೇತ ಮುಂದೆ ಬಂದು ರೇಡಿಯೇಟರನ್ನು ಸೀಳ್ತದೆ. ಕ್ಯಾಪ್ ಮಾತ್ರ ಬದಲಿಸಿದರೂ ಅಪಾಯ: ಇಷ್ಟು ದಿನ 0.5ರಲ್ಲಿ ಸೋರಿದ ಸೀಲಿಗೆ ಈಗ 0.9 ಒತ್ತಡ ಬೀಳ್ತದೆ, ಸೋರಿಕೆ ಜಾಸ್ತಿ ಆಗ್ತದೆ. ಎರಡೂ ಒಟ್ಟಿಗೆ ಮಾಡಿಸಿ.

ಬಿಚ್ಚುವ ಮೊದಲು ಫ್ಯಾನಿನ ಎಲೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಬೇರಿಂಗಿನಲ್ಲಿ ಆಟ ಇದ್ದರೆ ಸೀಲ್ ಹೋದದ್ದಕ್ಕೆ ಕಾರಣ ಅದೇ, ಮತ್ತು ಬೇರಿಂಗ್ ಹಾಳಾಗಲಿಕ್ಕೆ ಸಾಮಾನ್ಯ ಕಾರಣ ಬೆಲ್ಟ್ ತಂತಿಯ ಹಾಗೆ ಬಿಗಿದದ್ದು. ಹೊಸ ಪಂಪ್ ಹಾಕಿದ ಮೇಲೆ ಬೆಲ್ಟಿನ ನಡುವೆ ಹೆಬ್ಬೆರಳಲ್ಲಿ ಜೋರಾಗಿ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು. ಹಳೇ ಗ್ಯಾಸ್ಕೆಟಿನ ಚೂರು ಒಂದೂ ಉಳಿಯದ ಹಾಗೆ ಕೆರೆದು ತೆಗೆಯಿರಿ, ಬೋಲ್ಟ್‌ಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಬದಿಯಿಂದ ಬಿಗಿದುಕೊಂಡು ಹೋದರೆ ಹೊಸ ಪಂಪೂ ಅಂಚಿನಲ್ಲಿ ಸೋರ್ತದೆ.

ಥರ್ಮೋಸ್ಟಾಟ್ ವಾಪಸ್ ಹಾಕಿಸಿ. ಅದನ್ನು ತೆಗೆದರೆ ಇಂಜಿನ್ ತಂಪಾಗಿರ್ತದೆ ಅನ್ನುವುದು ನಮ್ಮ ಕಡೆ ಬೇರೂರಿದ ತಪ್ಪು. ಕೆಳಗೆ ಇನ್ನೊಂದು ತಟ್ಟೆ ಇರುವ ಥರ್ಮೋಸ್ಟಾಟ್ ಆದರೆ, ಬಿಸಿಯಾದಾಗ ಆ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚಿ ಎಲ್ಲಾ ನೀರನ್ನೂ ರೇಡಿಯೇಟರಿಗೆ ಕಳಿಸ್ತದೆ. ಅದೇ ಇಲ್ಲದಿದ್ದರೆ ಒಂದು ಪಾಲು ನೀರು ರೇಡಿಯೇಟರ್ ಮುಟ್ಟದೆ ಇಂಜಿನಿನೊಳಗೇ ಸುತ್ತುತ್ತಾ ಇರ್ತದೆ. ಸಂಪಾಜೆಯಲ್ಲಿ ಮುಳ್ಳು ಏರಲಿಕ್ಕೆ ಇದೂ ಒಂದು ಕಾರಣ ಇರಬಹುದು. ಹೊಸದನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿ ನೋಡಿ, ಅದರ ಮೇಲೆ ಕೊರೆದ ಡಿಗ್ರಿಯಲ್ಲಿ ತೆರೆಯಲಿಕ್ಕೆ ಶುರು ಆಗಬೇಕು. ಗಾಳಿ ಹೋಗುವ ಸಣ್ಣ ತೂತು ಮೇಲ್ಗಡೆ ಬರುವ ಹಾಗೆ ಕೂರಿಸಿ.

ಕೆಲಸ ಮುಗಿಯುವವರೆಗೆ ಮುಳ್ಳನ್ನು ಪೂರ್ತಿ ನಂಬಬೇಡಿ. ಅದರ ಸೆನ್ಸರ್ ನೀರಲ್ಲಿ ಮುಳುಗಿದ್ದರೆ ಮಾತ್ರ ಸರಿ ತೋರಿಸ್ತದೆ. ನೀರು ಅದರಿಂದ ಕೆಳಗೆ ಇಳಿದರೆ ಬಿಸಿ ಎಷ್ಟೇ ಏರಿದರೂ ಮುಳ್ಳು ಕೆಳಗೆ ಬೀಳ್ತದೆ. ಘಾಟಿಯಲ್ಲಿ ಏರಿದ ಮುಳ್ಳು ಏಕಾಏಕಿ ಇಳಿದರೆ ಸಮಾಧಾನ ಪಡಬೇಡಿ, ಕೂಡಲೇ ನಿಲ್ಲಿಸಿ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣಿಯುವ ತನಕ ಕ್ಯಾಪ್ ತೆಗೆಯಬಾರದು, ಬಿಸಿ ಇಂಜಿನಿಗೆ ತಣ್ಣೀರು ಹೊಯ್ಯಲೂಬಾರದು. ಹೆಡ್ ಬಿರುಕು ಬಿಡುವುದು ಹೆಚ್ಚಾಗಿ ಆ ಒಂದು ಬಕೆಟ್ ನೀರಿನಿಂದ.


ಉಪ್ಪಳ_ರೇಡಿಯೇಟರ್:

ಬಾವಿ ನೀರಿನ ವಿಷಯ ಯಾರೂ ಎತ್ತಲಿಲ್ಲ, ಪಂಪಿನ ಸೀಲ್ ಹಾಳಾದದ್ದರಲ್ಲಿ ಅದರ ಪಾಲೂ ಇರಬಹುದು.

ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಹುಳಿ ಗುಣದ್ದು, ಅಂದರೆ ಪಿಎಚ್ 7ಕ್ಕಿಂತ ಕೆಳಗೆ. ಕುಡಿಯಲಿಕ್ಕೆ ರುಚಿ, ಆದರೆ ಕಬ್ಬಿಣ, ಅಲ್ಯೂಮಿನಿಯಂ ತಿನ್ನುತ್ತದೆ. ಸುರಂಗದ (ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ನೀರಿನ ಬಿಲದ) ನೀರು ಬಹಳ ಮೆದು, ಹಾಗಾಗಿ ರೇಡಿಯೇಟರಿಗೆ ಒಳ್ಳೇದು ಅಂತ ಹಾಕುವವರಿದ್ದಾರೆ. ಸುಣ್ಣ ಕಟ್ಟುವುದಿಲ್ಲ ಅನ್ನುವುದು ಸರಿ, ಆದರೆ ಅದೂ ಮುರಕಲ್ಲಿನ ಒಳಗಿಂದ ಬಂದ ನೀರೇ. ಕಡಲ ಕರೆಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ, ಅದು ಇನ್ನೂ ಕೆಟ್ಟದ್ದು: ಕ್ಲೋರೈಡ್ ಅಲ್ಯೂಮಿನಿಯಂ ಕೋರಿನಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಮಾಡುತ್ತದೆ. ತುಕ್ಕಿನ ಪುಡಿ ಪಂಪಿನ ಸೀಲಿನ ನಡುವೆ ಮರಳು ಕಾಗದದ ಹಾಗೆ ಉಜ್ಜುತ್ತದೆ.

ನಮ್ಮಲ್ಲಿ ನೀರು ಮಂಜುಗಟ್ಟುವ ಭಯ ಇಲ್ಲ, ಕೂಲೆಂಟ್ ಯಾಕೆ ಅಂತ ಕೇಳುವವರಿಗೆ ಉತ್ತರ ಇಷ್ಟೇ. ಬೇಕಾದದ್ದು ಅದರೊಳಗಿನ ತುಕ್ಕು ತಡೆಯುವ ಮದ್ದು. ಪಂಪ್ ಬಿಚ್ಚಿದಾಗ ಹೇಗೂ ನೀರು ಖಾಲಿ ಮಾಡುತ್ತೀರಿ. ಬ್ಲಾಕಿನ ಡ್ರೈನ್ ಪ್ಲಗ್ ಕೂಡ ತೆಗೆಯಿರಿ, ಬರೀ ರೇಡಿಯೇಟರ್ ಕಾಕ್ ತಿರುಗಿಸಿದರೆ ಹಳೇ ನೀರು ಬ್ಲಾಕಿನಲ್ಲೇ ಉಳಿಯುತ್ತದೆ. ಹೊರಗೆ ಬರುವ ನೀರು ತಿಳಿ ಆಗುವವರೆಗೆ ತೊಳೆದು, ಕೊನೆಯ ಸಲ ಡಿಸ್ಟಿಲ್ಡ್ ನೀರಲ್ಲಿ ತೊಳೆಯಿರಿ. ಆಮೇಲೆ ರೆಡಿ ಕೂಲೆಂಟ್, ಇಲ್ಲವಾದರೆ ಕಾನ್ಸಂಟ್ರೇಟ್ ಒಂದು ಪಾಲಿಗೆ ಡಿಸ್ಟಿಲ್ಡ್ ನೀರು ಒಂದು ಪಾಲು. ರೆಡಿ ಕೂಲೆಂಟಿಗೆ ಮತ್ತೆ ನೀರು ಸೇರಿಸಬೇಡಿ, ಡಬ್ಬಿಯ ಮೇಲೆ ಯಾವುದೆಂದು ಓದಿ. ಬಣ್ಣ ನೋಡಿ ಜಾತಿ ತಿಳಿಯಲಿಕ್ಕಾಗುವುದಿಲ್ಲ, ಹಸಿರಿನ ಮೇಲೆ ಕೆಂಪು ಹೊಯ್ದು ಲೋಳೆ ಕಟ್ಟಿದ ರೇಡಿಯೇಟರ್ ಬೇಕಾದಷ್ಟು ಬರುತ್ತವೆ.

ತೆಗೆದ ಕೂಲೆಂಟನ್ನು ತೋಡಿಗೆ, ಬಾವಿಕಟ್ಟೆ ಹತ್ತಿರ, ತೋಟಕ್ಕೆ ಚೆಲ್ಲಬೇಡಿ. ಸಿಹಿ ಇರುವುದರಿಂದ ನಾಯಿ, ದನ ನೆಕ್ಕುತ್ತವೆ, ನಾಯಿಗಾದರೆ ಸ್ವಲ್ಪವೇ ಸಾಕು ಜೀವ ತೆಗೆಯಲಿಕ್ಕೆ. ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.


ಅಡ್ಯನಡ್ಕ_800:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ರೇಡಿಯೇಟರಿಗೆ ಎರಡು ಚಮಚ ಅರಿಶಿನ ಪುಡಿ ಹಾಕಿದರೆ ಸಣ್ಣ ಸೋರಿಕೆ ನಿಲ್ತದೆ ಅಂತಾರಲ್ಲ, ಪಂಪಿನ ಸೋರಿಕೆಗೂ ಆಗ್ತದಾ?


ಉಪ್ಪಳ_ರೇಡಿಯೇಟರ್:

ಪಂಪಿಗೆ ಆಗುವುದಿಲ್ಲ ಅಣ್ಣ, ಅಲ್ಲಿ ತಿರುಗುವ ಸೀಲ್, ಪುಡಿ ನಿಲ್ಲುವುದಿಲ್ಲ, ಬದಲಿಗೆ ಸವೆತ ಹೆಚ್ಚುತ್ತದೆ. ರೇಡಿಯೇಟರಿನ ಕೂದಲೆಳೆಯ ತೂತಿನಲ್ಲಿ ಅರಿಶಿನ ಉಬ್ಬಿ ಕೂರುವುದು ಹೌದು. ನಡುದಾರಿಯಲ್ಲಿ ಸಿಕ್ಕಿಬಿದ್ದವರು ಮನೆ ಮುಟ್ಟಲಿಕ್ಕೆ ಹಾಕಿದರೆ ತಪ್ಪಲ್ಲ. ಆದರೆ ಅದು ತೂತು ಯಾವುದು, ದಾರಿ ಯಾವುದು ಅಂತ ನೋಡುವುದಿಲ್ಲ. ಹಳೇ ರೇಡಿಯೇಟರಿನ ಅರ್ಧ ಕಟ್ಟಿದ ನಳಿಗೆಗಳೂ, ಹೀಟರ್ ಕೋರೂ ಪೂರ್ತಿ ಕಟ್ಟಿಹೋಗುತ್ತವೆ. ಅಂಗಡಿಯ ಸ್ಟಾಪ್ ಲೀಕ್ ಡಬ್ಬಿಗಳ ಕಥೆಯೂ ಅದೇ. ಹಾಕಿದ್ದರೆ ವಾರದೊಳಗೆ ರೇಡಿಯೇಟರ್ ತೆಗೆದು ತೊಳೆಸಿ.


ಕುಂಬ್ಳೆ_ಡೀಸೆಲ್:

ಪೆರ್ಲದವರಿಗೆ ತುಂಬಿಸುವ ಕ್ರಮ ಹೇಳಿಬಿಡುತ್ತೇನೆ, ಇದರಲ್ಲಿ ಅವಸರ ಮಾಡಿದರೆ ಹೊಸ ಪಂಪ್ ಇದ್ದೂ ಗಾಡಿ ಬಿಸಿ ಆಗ್ತದೆ.

ಮೂತಿ ಮೇಲಕ್ಕೆ ಬರುವ ಹಾಗೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಇದ್ದರೆ ತೆರೆದಿಟ್ಟು, ಕ್ಯಾಪ್ ಇಲ್ಲದೆ ಮೆಲ್ಲ ಹೊಯ್ಯಿರಿ. ಮೇಲಿನ ಹೋಸನ್ನು ಆಗಾಗ ಹಿಂಡಿದರೆ ಗುಳ್ಳೆ ಬರ್ತದೆ, ಇಳಿದಷ್ಟು ಮತ್ತೆ ಹಾಕಿ. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಥರ್ಮೋಸ್ಟಾಟ್ ತೆರೆದಾಗ ರೇಡಿಯೇಟರ್ ಪೂರಾ ಬಿಸಿ ಆಗ್ತದೆ, ಬಾಯಿಯ ನೀರು ಏಕಾಏಕಿ ತಗ್ಗುವುದೂ ಉಂಟು. ಆಗ ರೇಸ್ ಸ್ವಲ್ಪ ಏರಿಸಿ ಹಿಡಿದು, ತುಂಬಿಸಿ, ಕ್ಯಾಪ್ ಹಾಕಿ. ಈ ಹೊತ್ತಿನ ಗುಳ್ಳೆ ನೋಡಿ ಗ್ಯಾಸ್ಕೆಟ್ ಅಂತ ಹೆದರಬೇಡಿ, ಅದು ಸಿಕ್ಕಿಬಿದ್ದ ಗಾಳಿ, ಹತ್ತು ನಿಮಿಷದಲ್ಲಿ ನಿಲ್ತದೆ. ಬಾಟಲಿ ಫುಲ್ ಗೆರೆವರೆಗೆ ತುಂಬಿಸಿ.

ಮರುದಿನ ಬೆಳಿಗ್ಗೆ ತಣ್ಣಗಿರುವಾಗ ನೋಡಿ: ರೇಡಿಯೇಟರ್ ಬಾಯಿವರೆಗೆ ಇರಬೇಕು, ಬಾಟಲಿಯಲ್ಲಿ ಸ್ವಲ್ಪ ಇಳಿದಿರಬೇಕು. ಹಾಗೆ ಇಳಿದದ್ದು ಸೋರಿಕೆ ಅಲ್ಲ, ಉಳಿದ ಗಾಳಿಯ ಜಾಗಕ್ಕೆ ನೀರು ಹೋದದ್ದು, ಎರಡು ಮೂರು ದಿನ ಇರ್ತದೆ. ಆಮೇಲೆ ಬಾಟಲಿಯ ಗೆರೆಗೆ ಟೇಪ್ ಅಂಟಿಸಿ, ಇನ್ನೊಂದು 520 ಕಿ.ಮೀ. ಓಡಿಸಿ, ಎಷ್ಟು ಮಿಲಿ ಹಾಕಬೇಕಾಯ್ತು ಅಂತ ಇಲ್ಲೇ ಬರೆಯಿರಿ. ಸಂಪಾಜೆಗೆ ಅದಕ್ಕೆ ಮುಂಚೆ ಹೋಗಬೇಡಿ.